ಮೃಗಾಲಯಕ್ಕೆ ಅಂಕ ಕೊಡುವ ಬಗೆ

(ಆರ್.ಟಿ. ನಗರದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿ, ಸರ್ಕಾರಿ ಪಶುವೈದ್ಯೆಯಾಗಿ ದುಡಿದು, ನಿವೃತ್ತಿಯ ನಂತರ ಯಲಹಂಕದಲ್ಲಿ ನೆಲೆಸಿರುವ ಅವರ ದೊಡ್ಡಮ್ಮ. ಇಬ್ಬರ ನಡುವೆ ನಡೆದ ಮಾತು.)

ಮೇಷ್ಟ್ರು: ದೊಡ್ಡಮ್ಮ, ಎಂಟನೇ ತರಗತಿ ಮಕ್ಕಳನ್ನ ಈ ಸಲ ಝೂಗೆ ಕರ್ಕೊಂಡು ಹೋಗೋದು ಅಂತ ಆಗಿದೆ. ಮೈಸೂರೋ ಬನ್ನೇರುಘಟ್ಟವೋ ಅನ್ನೋದನ್ನ ನನಗೇ ಬಿಟ್ಟಿದಾರೆ. ಅದಕ್ಕೆ ಒಂದು ಪಟ್ಟಿ ಮಾಡಿದೀನಿ, ನೋಡಿ. ಗೊರಿಲ್ಲಾ, ಒರಾಂಗುಟಾನ್, ಆಫ್ರಿಕಾದ ಆನೆ ಮೈಸೂರಿನ ಸಾಲಿಗೆ. ಸಫಾರಿ, ಚಿಟ್ಟೆ ಪಾರ್ಕು ಬನ್ನೇರುಘಟ್ಟದ ಸಾಲಿಗೆ. ಅಂಕ ಕೂಡಿದರೆ ಮೈಸೂರೇ ಮುಂದೆ ಬರುತ್ತೆ.

ದೊಡ್ಡಮ್ಮ: ಅಲ್ಲಿ ಯಾವ ಯಾವ ಪ್ರಾಣಿ ಇದೆ ಅನ್ನೋದು ನಿನ್ನ ಪಟ್ಟಿಯಿಂದ ಗೊತ್ತಾಯ್ತು ಕಣೋ. ಆ ಪ್ರಾಣಿಗಳು ಹೇಗಿವೆ ಅನ್ನೋದಕ್ಕೆ ಇದರಲ್ಲಿ ಒಂದು ಕಾಲಮ್ಮೂ ಇಲ್ಲವಲ್ಲ?

ಮೇಷ್ಟ್ರು: ಪ್ರಾಣಿ ನೋಡೋಕೆ ತಾನೇ ಹೋಗೋದು? ಜಾತಿ ಹೆಚ್ಚಿದ್ದಷ್ಟೂ ಮಕ್ಕಳಿಗೆ ಲಾಭ ಅಂದ್ಕೊಂಡೆ.

ದೊಡ್ಡಮ್ಮ: ರಾಜರ ಕಾಲದಿಂದ ಬಂದ ಲೆಕ್ಕ ಅದು. ಮೈಸೂರಲ್ಲಿ 1892ರಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರು ಮೃಗಾಲಯ ಶುರು ಮಾಡಿದಾಗ ದೂರದೇಶದ ಪ್ರಾಣಿ ತಂದು ಜನಕ್ಕೆ ತೋರಿಸೋದೇ ಹೆಚ್ಚುಗಾರಿಕೆ. ನಮ್ಮ ಲಾಲ್‌ಬಾಗಲ್ಲೂ ಹತ್ತೊಂಬತ್ತನೇ ಶತಮಾನದಲ್ಲಿ ಪ್ರಾಣಿಗಳನ್ನ ಕೂಡಿಹಾಕಿ ತೋರಿಸ್ತಿದ್ದರು. ಆಗಿನವರಿಗೆ ಬೇರೆ ದಾರಿ ಇರಲಿಲ್ಲ, ಅವರನ್ನ ದೂರೋದು ಬೇಡ. ಈಗ ಒಂದು ಜಿರಾಫೆ ಹೇಗಿರುತ್ತೆ ಅಂತ ನಿನ್ನ ಮಕ್ಕಳಿಗೆ ಟಿವಿಯಲ್ಲೇ ಗೊತ್ತು. ಮೃಗಾಲಯ ಅದಕ್ಕಿಂತ ಹೆಚ್ಚಿನದೇನನ್ನೋ ಕೊಡಬೇಕು.

ಮೇಷ್ಟ್ರು: ಮತ್ತೆ ಸರ್ಕಾರವೂ ಅಂಕ ಕೊಡುತ್ತಲ್ಲ? 2022ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ದೇಶದ ಹಲವು ಝೂಗಳನ್ನ ಅಳೆದು ಶೇಕಡಾ ಲೆಕ್ಕದಲ್ಲಿ ಸ್ಥಾನ ಕೊಟ್ಟಿತ್ತು. ಮೈಸೂರಿಗೆ 80 ಬಂದು ಮೂರನೇ ಸ್ಥಾನ. ಅದಕ್ಕಿಂತ ಮುಂದೆ 82 ಪಡೆದ ಚೆನ್ನೈನ ವಂಡಲೂರು.

ದೊಡ್ಡಮ್ಮ: ಮೊದಲ ಸ್ಥಾನ ಯಾರಿಗೆ ಬಂತು, ಅದನ್ನೂ ಹೇಳು.

ಮೇಷ್ಟ್ರು: ಡಾರ್ಜಿಲಿಂಗ್‌ಗೆ, 83. ಪದ್ಮಜಾ ನಾಯ್ಡು ಹಿಮಾಲಯನ್ ಝೂ.

ದೊಡ್ಡಮ್ಮ: ಅದರ ವಿಸ್ತೀರ್ಣ ಗೊತ್ತಾ? ಸುಮಾರು 67 ಎಕರೆ. ಮೈಸೂರು ಮೃಗಾಲಯ 157 ಎಕರೆ. ವಂಡಲೂರಂತೂ 600 ಹೆಕ್ಟೇರ್ ಮೇಲೆ. ಡಾರ್ಜಿಲಿಂಗಲ್ಲಿ ಗೊರಿಲ್ಲಾ ಇಲ್ಲ, ಜಿರಾಫೆ ಇಲ್ಲ, ಆನೆ ಇಲ್ಲ. ಇರೋದೆಲ್ಲ ಹೆಚ್ಚಾಗಿ ಹಿಮಾಲಯದ ಪ್ರಾಣಿಗಳು. ಹಿಮ ಚಿರತೆ, ಕೆಂಪು ಪಾಂಡಾಗಳನ್ನ ಅಲ್ಲೇ ಮರಿ ಮಾಡಿಸ್ತಾರೆ. ಅಲ್ಲಿ ಹುಟ್ಟಿದ ಪಾಂಡಾಗಳನ್ನ 2003ರಿಂದಲೇ ಸಿಂಗಲೀಲಾ ಕಾಡಿಗೆ ಬಿಟ್ಟಿದಾರೆ. ನಿನ್ನ ಪಟ್ಟಿ ಹಿಡಿದು ಅಳೆದಿದ್ದರೆ ಡಾರ್ಜಿಲಿಂಗ್ ಎಲ್ಲೋ ಕೊನೇಲಿರ್ತಿತ್ತು.

ಮೇಷ್ಟ್ರು: ಅಲ್ಲಿನ ಚಳಿಗೆ ಹೊಂದೋ ಪ್ರಾಣಿಗಳನ್ನ ಮಾತ್ರ ಇಟ್ಟುಕೊಂಡಿದಾರೆ, ಅಷ್ಟೇ ತಾನೇ?

ದೊಡ್ಡಮ್ಮ: ಅದೇ ದೊಡ್ಡ ವಿವೇಕ. ಯಾವ ಪ್ರಾಣಿಯನ್ನ ನಾವು ಚೆನ್ನಾಗಿ ಸಾಕಬಲ್ಲೆವು ಅಂತ ಕೇಳಿಕೊಂಡ ಮೇಲೆ ತರೋದು. ನಮ್ಮ ಮಂಗಳೂರಿನ ಪಿಲಿಕುಳ ನೋಡು. ಶಿವರಾಮ ಕಾರಂತರ ಹೆಸರಿನ ನಿಸರ್ಗಧಾಮ. ಪಶ್ಚಿಮ ಘಟ್ಟದ ಪ್ರಾಣಿಗಳ ಕಡೆ ಅವರ ಗಮನ ಹೆಚ್ಚು. ಕಾಳಿಂಗ ಸರ್ಪವನ್ನ ಮೊಟ್ಟೆ ಇಡಿಸಿ ಮರಿ ಮಾಡಿಸಿದಾರೆ. ಆ ಹಾವಿಗೆ ಬೇಕಾದ ಸೆಕೆ, ತೇವ ಎರಡೂ ಕರಾವಳಿಯಲ್ಲಿ ಪುಕ್ಕಟೆ ಸಿಗುತ್ತೆ. ಅದನ್ನೇ ಬೇರೆ ಹವೆಯ ಊರಲ್ಲಿ ಮಾಡೋಕೆ ಹೋದರೆ ಎಷ್ಟು ಯಂತ್ರ ಬೇಕು, ಯೋಚನೆ ಮಾಡು.

ಮೇಷ್ಟ್ರು: ಹಾಗಾದರೆ ದೂರದೇಶದ ಪ್ರಾಣಿ ಇಡಲೇಬಾರದು ಅಂತೀರಾ? ನನ್ನ ಕ್ಲಾಸಲ್ಲಿ ಆಟೋ ಓಡಿಸೋರ ಮಕ್ಕಳಿದಾರೆ, ಮನೆಗೆಲಸ ಮಾಡೋರ ಮಕ್ಕಳಿದಾರೆ. ಆಫ್ರಿಕಾಗೆ ಹೋಗಿ ಗೊರಿಲ್ಲಾ ನೋಡೋದು ಅವರ ಕೈಲಾಗುತ್ತಾ? ಟಿವಿಯಲ್ಲಿ ನೋಡೋದೇ ಬೇರೆ, ಎದುರಿಗೆ ನಿಂತು ಅದರ ಕಣ್ಣು ನೋಡೋದೇ ಬೇರೆ. ಆ ಅವಕಾಶ ದುಡ್ಡಿದ್ದೋರಿಗೆ ಮಾತ್ರ ಇರಬೇಕಾ?

ದೊಡ್ಡಮ್ಮ: ಇದು ನಿಜವಾದ ಮಾತು, ನಾನು ತೆಗೆದುಹಾಕಲ್ಲ. ಇಡಬೇಕು. ಇಡೋ ಹಾಗಿದ್ದರೆ ಹೇಗೆ ಇಡಬೇಕು ಅನ್ನೋದೇ ಪ್ರಶ್ನೆ. ಮೈಸೂರಿನ ಪೋಲೊ ನೆನಪಿದೆಯಾ? 2014ರಲ್ಲಿ ಸಾಯೋವರೆಗೂ ದೇಶಕ್ಕೆಲ್ಲ ಒಂದೇ ಗೊರಿಲ್ಲಾ ಅಂತ ಅದು ಹೆಸರುವಾಸಿ. ಜನ ಅದನ್ನ ನೋಡೋಕೇ ಅಂತ ಹೋಗ್ತಿದ್ದರು. ಗೊರಿಲ್ಲಾ ಗುಂಪಲ್ಲಿ ಬದುಕೋ ಪ್ರಾಣಿ. ದೇಶದಲ್ಲೇ ಒಂದು ಅಂದರೆ ಮೃಗಾಲಯಕ್ಕೆ ಕೀರ್ತಿ ಇರಬಹುದು, ಆ ಪ್ರಾಣಿಗೆ ಮಾತ್ರ ತನ್ನ ಜಾತಿಯ ಇನ್ನೊಂದು ಮುಖ ನೋಡದೆ ಕಳೆಯೋ ದಿನಗಳು. ಅದಕ್ಕೆ ಜೊತೆ ಹುಡುಕೋ ಪ್ರಯತ್ನ ವರ್ಷಗಟ್ಟಲೆ ನಡೀತು, ಕೂಡಿ ಬರಲಿಲ್ಲ.

ಮೇಷ್ಟ್ರು: ಈಗ ಇಬ್ಬರಿದಾರಲ್ಲ, ಥಾಬೊ ಮತ್ತೆ ಡೆಂಬಾ. 2021ರಲ್ಲಿ ಜರ್ಮನಿಯಿಂದ ಬಂದವು.

ದೊಡ್ಡಮ್ಮ: ಹೌದು. ಎರಡೂ ಗಂಡು. ಗಂಡು ಗೊರಿಲ್ಲಾಗಳನ್ನ ಹಾಗೆ ಜೊತೆಗಿಡೋ ಕ್ರಮ ಯುರೋಪಿನ ಝೂಗಳಲ್ಲೂ ಇದೆ. ಪೋಲೊ ಕಾಲಕ್ಕೂ ಈಗಿನದಕ್ಕೂ ಇರೋ ವ್ಯತ್ಯಾಸ ನಿನ್ನ ಪಟ್ಟಿಯಲ್ಲಿ ಕಾಣಲ್ಲ. ಆಗಲೂ ‘ಗೊರಿಲ್ಲಾ ಇದೆ’, ಈಗಲೂ ‘ಗೊರಿಲ್ಲಾ ಇದೆ’. ಪ್ರಾಣಿಯ ಮಟ್ಟಿಗೆ ಎಷ್ಟು ದೊಡ್ಡ ವ್ಯತ್ಯಾಸ ಅದು! ದೆಹಲಿಯ ಶಂಕರನ ಕಥೆಯೂ ಇದೇ. 1990ರ ದಶಕದಲ್ಲಿ ಜಿಂಬಾಬ್ವೆಯಿಂದ ಉಡುಗೊರೆಯಾಗಿ ಬಂದ ಆಫ್ರಿಕಾದ ಆನೆ. ಜೊತೆಗಿದ್ದದ್ದು ಸತ್ತ ಮೇಲೆ ಸುಮಾರು ಎರಡು ದಶಕ ಒಂಟಿ. ಅವನ ಸ್ಥಿತಿ ಕಂಡು 2024ರಲ್ಲಿ ಮೃಗಾಲಯಗಳ ವಿಶ್ವ ಸಂಘಟನೆ ದೆಹಲಿ ಝೂನ ಸದಸ್ಯತ್ವವನ್ನೇ ಅಮಾನತಿನಲ್ಲಿಟ್ಟಿತು. 2025ರ ಸೆಪ್ಟೆಂಬರ್‌ನಲ್ಲಿ ಶಂಕರ ಸತ್ತ. ಹಾಗಾಗಿ ಪಟ್ಟಿಯಲ್ಲಿ ಆಫ್ರಿಕಾದ ಆನೆ ಅಂತ ಬರೆದಿರೋ ಕಡೆ ಪಕ್ಕದಲ್ಲೇ ಬರೆದುಕೊ: ಇದರ ಜೊತೆ ಯಾರಿದಾರೆ?

ಮೇಷ್ಟ್ರು: ಬರ್ಕೊಂಡೆ. ಮೊದಲನೇ ಪ್ರಶ್ನೆ ಅದು. ಎರಡನೇದು ಆವರಣದ ವಿಸ್ತಾರ ಅಲ್ವಾ? ಅದರಲ್ಲಿ ಬನ್ನೇರುಘಟ್ಟ ಮೈಸೂರಿಗಿಂತ ಬಹಳ ಮುಂದೆ. ಜೈವಿಕ ಉದ್ಯಾನವೇ 730 ಹೆಕ್ಟೇರ್ ಆಸುಪಾಸು. 2024ರಲ್ಲಿ ಶುರುವಾದ ಚಿರತೆ ಸಫಾರಿ ಒಂದಕ್ಕೇ 20 ಹೆಕ್ಟೇರ್ ಕೊಟ್ಟಿದಾರೆ.

ದೊಡ್ಡಮ್ಮ: ವಿಸ್ತಾರ ಬೇಕೇ ಬೇಕು. ರೋಸ್ ಕ್ಲಬ್, ಜಾರ್ಜಿಯಾ ಮೇಸನ್ ಅಂತ ಇಬ್ಬರು 2003ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬರೆದರು. ಕಾಡಲ್ಲಿ ಯಾವ ಮಾಂಸಾಹಾರಿ ಹೆಚ್ಚು ದೂರ ಸುತ್ತುತ್ತೋ ಅದೇ ಬಂಧನದಲ್ಲಿ ಹೆಚ್ಚು ನರಳುತ್ತೆ, ಅಂಥವು ಒಂದೇ ಜಾಡಲ್ಲಿ ಹಿಂದಕ್ಕೂ ಮುಂದಕ್ಕೂ ನಡೀತಾ ಇರ್ತವೆ, ಅವುಗಳ ಮರಿಗಳು ಹೆಚ್ಚು ಸಾಯ್ತವೆ ಅಂತ ತೋರಿಸಿದರು. ಹಿಮಕರಡಿ ಅದಕ್ಕೆ ದೊಡ್ಡ ಉದಾಹರಣೆ. ಅಂದರೆ ಪ್ರತಿ ಪ್ರಾಣಿಗೂ ಒಂದೇ ಅಳತೆ ಹಿಡಿಯೋಕಾಗಲ್ಲ. ಆಮೆಗೆ ಸಾಕಾಗೋ ಜಾಗ ತೋಳಕ್ಕೆ ಸಾಲದು. ಇನ್ನೊಂದು ವಿಷಯ, ಎಕರೆ ಎಷ್ಟೇ ಇರಲಿ, ಸುಮ್ಮನೆ ಬಯಲಾಗಿದ್ದರೆ ಪ್ರಾಣಿ ಒಂದು ಮೂಲೇಲಿ ಕೂತುಬಿಡುತ್ತೆ.

ಮೇಷ್ಟ್ರು: ಈಗ ಎಲ್ಲಾ ಕಡೆ ಕಂಬಿ ತೆಗೆದು ಕಂದಕ ಮಾಡಿದಾರಲ್ಲ. ಕಾಡಿನ ಥರವೇ ಕಾಣುತ್ತೆ.

ದೊಡ್ಡಮ್ಮ: ಯಾರ ಕಣ್ಣಿಗೆ? ಕಂದಕದ ಉಪಾಯವನ್ನ ದೊಡ್ಡದಾಗಿ ಮಾಡಿ ತೋರಿಸಿದ್ದು ಕಾರ್ಲ್ ಹಾಗೆನ್‌ಬೆಕ್, 1907ರಲ್ಲಿ, ಜರ್ಮನಿಯ ಹ್ಯಾಂಬರ್ಗ್ ಹತ್ತಿರ. ಸಿಂಹಕ್ಕೂ ನೋಡೋರಿಗೂ ನಡುವೆ ಕಂಬಿ ಇಲ್ಲ ಅಂತ ಜನ ಬೆರಗಾದರು. ಒಳ್ಳೇ ಹೆಜ್ಜೆ ಅದು. ಆದರೆ ಕಂದಕದಿಂದ ಮೊದಲು ಹಿತವಾದದ್ದು ನಮ್ಮ ಕಣ್ಣಿಗೆ. ಸ್ವಿಟ್ಜರ್ಲೆಂಡಿನ ಹೈನಿ ಹೆಡಿಗರ್ ಆಮೇಲೆ ಬೇರೆ ದಾರಿ ತೋರಿಸಿದರು. ಪ್ರತಿ ಪ್ರಾಣಿಗೂ ಮನುಷ್ಯ ಇಷ್ಟು ಹತ್ತಿರ ಬಂದರೆ ಓಡಬೇಕು ಅನ್ನೋ ಒಂದು ದೂರ ಇರುತ್ತೆ, ಅಷ್ಟು ಹಿಂದಕ್ಕೆ ಸರಿಯೋಕೆ ಜಾಗ ಇಲ್ಲದಿದ್ದರೆ ಅದಕ್ಕೆ ನೆಮ್ಮದಿ ಇರಲ್ಲ ಅಂದರು. ಅದಕ್ಕೇ ಆವರಣದ ಮುಂದೆ ನಿಂತಾಗ ನಾನು ನೋಡೋದು, ಈ ಪ್ರಾಣಿಗೆ ನಮ್ಮಿಂದ ಮರೆಯಾಗೋಕೆ ಒಂದು ಪೊದೆ, ಒಂದು ಬಂಡೆ ಇದೆಯಾ ಅಂತ. ಜನ ನಾಲ್ಕೂ ಕಡೆಯಿಂದ ಮುತ್ತೋಕೆ ಆಗುತ್ತಾ, ಒಂದೇ ಕಡೆಯಿಂದ ನೋಡೋ ಹಾಗಿದೆಯಾ? ಮಧ್ಯಾಹ್ನ ಒಂದು ಗಂಟೆಗೆ ನೆರಳು ಎಲ್ಲಿ ಬೀಳುತ್ತೆ?

ಮೇಷ್ಟ್ರು: ಮರೆಯಾದರೆ ಮಕ್ಕಳು ‘ಏನೂ ಕಾಣ್ತಿಲ್ಲ ಸಾರ್’ ಅಂತಾರಲ್ಲ!

ದೊಡ್ಡಮ್ಮ: ಹೇಳಿಕೊಡು. ಚಿರತೆ ಕಾಣದೆ ಇರೋದೇ ಚಿರತೆಯ ಗುಣ ಅಂತ ಹೇಳಿ, ಹುಡುಕೋಕೆ ಹಚ್ಚು. ಹತ್ತು ನಿಮಿಷ ಹುಡುಕಿ ಎಲೆ ಸಂದೀಲಿ ಬಾಲದ ತುದಿ ಕಂಡ ಮಗು ಅದನ್ನ ಜನ್ಮದಲ್ಲಿ ಮರೆಯಲ್ಲ.

ಮೇಷ್ಟ್ರು: ಸಫಾರಿ ಬಸ್ಸಲ್ಲಿ ಹತ್ತು ನಿಮಿಷ ನಿಲ್ಲಿಸಲ್ಲ ದೊಡ್ಡಮ್ಮ. ನನಗೆ ಬನ್ನೇರುಘಟ್ಟದ ಬಗ್ಗೆ ಇರೋ ಕೊರಗು ಅದೇ. ಅಷ್ಟು ದೊಡ್ಡ ಜಾಗ, ಆದರೆ ನಾವು ನೋಡೋದು ಕಿಟಕಿಯಿಂದ ಒಂದು ಕ್ಷಣ. ಎಲ್ಲರೂ ಮೊಬೈಲ್ ಎತ್ತಿಬಿಟ್ಟರೆ ಹಿಂದಿನ ಸೀಟಿನ ಮಗುವಿಗೆ ಅದೂ ಇಲ್ಲ. ಮೈಸೂರಲ್ಲಿ ಮರದ ನೆರಳಲ್ಲಿ ನಡ್ಕೊಂಡು, ಬೇಕಾದ ಕಡೆ ಬೇಕಾದಷ್ಟು ಹೊತ್ತು ನಿಲ್ಲಬಹುದು.

ದೊಡ್ಡಮ್ಮ: ಒಪ್ಪಿದೆ. ನೋಡೋರ ಅನುಭವಕ್ಕೆ ಮೈಸೂರಿನ ದಾರಿ, ಮರ, ನಡಿಗೆ ಇವಕ್ಕೆ ಸಾಟಿ ಕಡಿಮೆ. ಅದನ್ನೂ ಒಂದು ಕಾಲಮ್ ಮಾಡು. ಆದರೆ ಅದು ನಮ್ಮ ಕಾಲಮ್. ಪ್ರಾಣಿಯ ಕಾಲಮ್ ಬೇರೆ ಇಡು. ಎರಡನ್ನೂ ಕೂಡಿಸಿ ಒಂದು ಮೊತ್ತ ಮಾಡಬೇಡ.

ಮೇಷ್ಟ್ರು: ಪ್ರಾಣಿಯ ಕಾಲಮ್‌ನಲ್ಲಿ ಮುಖ್ಯವಾಗಿ ಏನು ಬರೀಲಿ?

ದೊಡ್ಡಮ್ಮ: ಅದರ ಒಂದು ದಿನ. ಮೈಸೂರು ಝೂ ಬೆಳಿಗ್ಗೆ ಎಂಟೂವರೆಗೆ ತೆರೆದು ಸಂಜೆ ಐದೂವರೆಗೆ ಮುಚ್ಚುತ್ತೆ. ಅಂದರೆ ಜನ ನೋಡೋದು 9 ಗಂಟೆ. ಉಳಿದ 15 ಗಂಟೆ? ಹುಲಿ, ಸಿಂಹ, ಚಿರತೆಯಂಥವನ್ನ ರಾತ್ರಿ ಒಳಗಿನ ಹೋಲ್ಡಿಂಗ್ ರೂಮಿಗೆ ಸೇರಿಸ್ತಾರೆ. ನಾವು ಅಂಕ ಕೊಡೋದು ಹೊರಗಿನ ಹಸಿರಿಗೆ. ಪ್ರಾಣಿ ಹೆಚ್ಚು ಹೊತ್ತು ಕಳೆಯೋದು ನಮಗೆ ಕಾಣದ ಜಾಗದಲ್ಲಿ. ನೆಲ ಹೇಗಿದೆ, ಗಾಳಿ ಆಡುತ್ತಾ, ಪಕ್ಕದ ಕೋಣೆಯ ಗಂಡಿನ ವಾಸನೆಗೆ ಹೆಣ್ಣು ಹೆದರ್ತಿದೆಯಾ, ಇದನ್ನೆಲ್ಲ ಕೇಳಬೇಕು. ಅಧಿಕಾರಿಗಳನ್ನ, ಕೀಪರ್‌ಗಳನ್ನ ಮರ್ಯಾದೆಯಿಂದ ಕೇಳಿದರೆ ಖುಷಿಯಾಗಿ ಹೇಳ್ತಾರೆ.

ಮೇಷ್ಟ್ರು: ಮಕ್ಕಳಿಗೆ ಹೊರಗಿಂದಲೇ ಗೊತ್ತಾಗೋ ಗುರುತು ಏನಾದರೂ ಇದೆಯಾ?

ದೊಡ್ಡಮ್ಮ: ಆನೆಯ ಹತ್ತಿರ ಹೋದರೆ ಮೊದಲು ಕಾಲು ನೋಡೋಕೆ ಹೇಳು. ಸಾಕಿದ ಆನೆಗೆ ದೊಡ್ಡ ಶತ್ರು ಪಾದದ ಕಾಯಿಲೆ. ಸಿಮೆಂಟು ನೆಲದ ಮೇಲೆ ಗಂಟೆಗಟ್ಟಲೆ ನಿಂತರೆ ಅಂಗಾಲು ಬಿರುಕು ಬಿಡುತ್ತೆ, ಉಗುರು ಸೀಳುತ್ತೆ, ಉಗುರಿನ ಬುಡದಲ್ಲಿ ಕೀವು ಕಟ್ಟುತ್ತೆ. ಮಣ್ಣಲ್ಲಿ ನಡೆದಾಡೋ ಆನೆಯ ಉಗುರು ಸವೆದು ನಯವಾಗಿರುತ್ತೆ. ಒಂದು ಕಾಲನ್ನ ಪದೇ ಪದೇ ಎತ್ತಿ ಭಾರ ತಪ್ಪಿಸ್ತಾ ಇದೆಯಾ, ನಿಂತಲ್ಲೇ ತಲೆ ತೂಗ್ತಾ ಇದೆಯಾ ಅಂತ ನೋಡಬೇಕು. ಆ ತೂಗಾಟವನ್ನ ಜನ ಡ್ಯಾನ್ಸ್ ಅಂತ ಚಪ್ಪಾಳೆ ತಟ್ತಾರೆ. ಅದು ಬೇಸರ ಬೆಳೆದು ರೋಗವಾದದ್ದು.

ಮೇಷ್ಟ್ರು: ಬನ್ನೇರುಘಟ್ಟದ ಆನೆಗಳು ಹೇಗೆ?

ದೊಡ್ಡಮ್ಮ: ಈ ಒಂದು ವಿಷಯದಲ್ಲಿ ದೇಶದ ಹೆಚ್ಚಿನ ಝೂಗಳಿಗಿಲ್ಲದ ಭಾಗ್ಯ ಅದಕ್ಕಿದೆ. ಬೆನ್ನಿಗೇ ರಾಷ್ಟ್ರೀಯ ಉದ್ಯಾನದ ಕಾಡು. ಅಲ್ಲಿ ಆನೆಗಳದ್ದು ಒಂದು ಹಿಂಡೇ ಇದೆ, ಮೇಯೋಕೆ ಅವನ್ನ ಕಾಡಿಗೆ ಬಿಡ್ತಾರೆ. ಸರಪಳಿ ಎಳ್ಕೊಂಡೇ ಹೋಗ್ತವೆ, ಅದನ್ನ ಮುಚ್ಚಿಡೋದು ಬೇಡ. ಆದರೂ ಬಿದಿರು ಮುರೀತವೆ, ಮಣ್ಣು ಎರಚಿಕೊಳ್ತವೆ, ಕಾಡಿನ ಗಂಡಾನೆಗಳ ಜೊತೆ ಸೇರಿ ಮರಿ ಹಾಕಿದ್ದೂ ಉಂಟು. ಅಜ್ಜಿ, ತಾಯಿ, ಮರಿ ಅಂತ ಸಂಸಾರ ಮಾಡ್ಕೊಂಡಿವೆ. ಹಿಂಡು ಅಂದರೆ ಏನು ಅಂತ ಮಕ್ಕಳಿಗೆ ಕಲಿಸೋಕೆ ಇದಕ್ಕಿಂತ ಪಾಠ ಬೇಕಾ?

ಮೇಷ್ಟ್ರು: ಅದೇ ಹಿಂಡಿನಿಂದ ತಾನೇ ನಾಲ್ಕನ್ನ ಜಪಾನಿಗೆ ಕಳಿಸಿದ್ದು? 2025ರ ಜುಲೈಯಲ್ಲಿ. ಸುರೇಶ, ಗೌರಿ, ಶ್ರುತಿ, ತುಳಸಿ. ನಮ್ಮ ಕಡೆಯ ದೇವನಹಳ್ಳಿ ವಿಮಾನ ನಿಲ್ದಾಣದಿಂದಲೇ ಒಸಾಕಾಕ್ಕೆ ಹಾರಿದವು, ಹಿಮೇಜಿಯ ಪಾರ್ಕಿಗೆ. ಬದಲಿಗೆ ನಮಗೆ ಚೀತಾ, ಜಾಗ್ವಾರ್, ಪ್ಯೂಮಾ, ಚಿಂಪಾಂಜಿ ಅಂತ ಒಪ್ಪಂದ. ಕಾಡಿಗೆ ಹೋಗಿ ಮೇಯ್ತಿದ್ದ ಆನೆಗಳನ್ನ ಕೊಟ್ಟು ಪಟ್ಟಿ ಉದ್ದ ಮಾಡ್ಕೊಂಡ ಹಾಗಾಗಲಿಲ್ವಾ?

ದೊಡ್ಡಮ್ಮ: ನನಗೂ ಆ ಸಂಕಟ ಇದೆ. ಎರಡು ಮಾತು ಅವರ ಪರವಾಗಿ ಹೇಳಬೇಕು. ಒಂಟಿಯಾಗಿ ಕಳಿಸಲಿಲ್ಲ, ನಾಲ್ಕನ್ನ ಒಟ್ಟಿಗೆ ಕಳಿಸಿದರು. ಪೆಟ್ಟಿಗೆಯೊಳಗೆ ತಾವಾಗೇ ಹೋಗಿ ನಿಲ್ಲೋ ಹಾಗೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದರು, ಇಲ್ಲಿನ ಸಿಬ್ಬಂದಿ ಜೊತೆಗೇ ಹೋದರು. ಹಳೇ ಕಾಲದಂತೆ ಕಟ್ಟಿ ಎಳೆದು ತುಂಬಲಿಲ್ಲ. ಮೃಗಾಲಯಗಳ ನಡುವೆ ವಿನಿಮಯ ಇಲ್ಲದಿದ್ದರೆ ರಕ್ತಸಂಬಂಧದಲ್ಲೇ ಸಂತಾನ ಬೆಳೆದು ಕೆಡುತ್ತೆ ಅನ್ನೋದೂ ನಿಜ. ಆದರೂ ಆ ನಾಲ್ಕಕ್ಕೆ ಬನ್ನೇರುಘಟ್ಟದಲ್ಲಿದ್ದಂಥ ದಿನ ಹಿಮೇಜಿಯಲ್ಲಿ ಸಿಗುತ್ತಾ? ಬರೋ ಚೀತಾಗಳಿಗೆ ಇಲ್ಲಿ ಓಡೋಷ್ಟು ಜಾಗ ಇಡ್ತಾರಾ? ವಿನಿಮಯ ಸರಿಯೋ ತಪ್ಪೋ ಅನ್ನೋದನ್ನ ಈ ಎರಡು ಪ್ರಶ್ನೆ ತೀರ್ಮಾನ ಮಾಡಬೇಕು. ಎಷ್ಟು ಕೊಟ್ಟು ಎಷ್ಟು ತಂದರು ಅನ್ನೋ ಲೆಕ್ಕದಿಂದ ತೀರ್ಮಾನ ಆಗಲ್ಲ.

ಮೇಷ್ಟ್ರು: ಆವರಣ ಚೆನ್ನಾಗಿದ್ದರೂ ಪ್ರಾಣಿ ಸುಮ್ಮನೆ ಮಲಗಿರುತ್ತಲ್ಲ, ಅದಕ್ಕೇನು ಮಾಡೋದು?

ದೊಡ್ಡಮ್ಮ: ಅದಕ್ಕೆ ಕೆಲಸ ಕೊಡಬೇಕು. ನಮ್ಮ ಕರಡಿಯನ್ನೇ ತಗೊ. ಅದರ ಮೇಲ್ದವಡೆಯ ಮುಂದಿನ ಎರಡು ಹಲ್ಲು ಇರೋದೇ ಇಲ್ಲ. ಆ ಸಂದಿಯಿಂದಲೇ ಗೆದ್ದಲನ್ನ ಹೀರೋದು. ಹುತ್ತ ಕೆರೆದು, ಮೂಗಿನ ಹೊಳ್ಳೆ ಮುಚ್ಚಿ, ಉಫ್ ಅಂತ ಮಣ್ಣು ಊದಿ ಆಚೆ ಹಾಕಿ, ತುಟಿಯನ್ನ ಕೊಳವೆಯಂತೆ ಚಾಚಿ ಸುರ್ರ್ ಅಂತ ಎಳ್ಕೊಳ್ಳುತ್ತೆ. ದೂರದಿಂದಲೇ ಕೇಳಿಸುತ್ತೆ ಆ ಸದ್ದು. ಇಂಥ ಪ್ರಾಣಿಗೆ ತಟ್ಟೇಲಿ ಗಂಜಿ ಇಟ್ಟರೆ ಐದು ನಿಮಿಷದಲ್ಲಿ ಊಟ ಮುಗೀತು, ಉಳಿದ ದಿನ ಏನು ಮಾಡಬೇಕು? ಒಳ್ಳೇ ಕೀಪರ್ ಮರದ ದಿಮ್ಮಿಗೆ ತೂತು ಕೊರೆದು ಒಳಗೆ ಜೇನು ಸವರಿಡ್ತಾನೆ. ಕರಡಿ ಅದನ್ನ ಉರುಳಿಸಿ, ಕೆರೆದು, ಹೀರಿ ಗಂಟೆಗಟ್ಟಲೆ ಕಳೆಯುತ್ತೆ. ದುಡ್ಡಿನ ಖರ್ಚು ಕಡಿಮೆ, ಯೋಚನೆಯ ಖರ್ಚು ಹೆಚ್ಚು. ಬನ್ನೇರುಘಟ್ಟದ ಕರಡಿ ಪುನರ್ವಸತಿ ಕೇಂದ್ರದಲ್ಲಿ ಹಿಂದೆ ಬೀದಿಯಲ್ಲಿ ಕುಣಿಸ್ತಿದ್ದ ಕರಡಿಗಳನ್ನ ಹೀಗೆ ನೋಡ್ಕೊಂಡಿದಾರೆ. ಹಗ್ಗ ಪೋಣಿಸೋಕೆ ಮೂತಿ ಚುಚ್ಚಿಸಿಕೊಂಡಿದ್ದ ಕರಡಿಗಳು ಅವು. ಅವು ಜನರ ಪ್ರದರ್ಶನಕ್ಕಿಲ್ಲ, ನಿನ್ನ ಪಟ್ಟಿಯಲ್ಲೂ ಇಲ್ಲ. ಆದರೂ ಆ ಉದ್ಯಾನದ ಒಳ್ಳೇತನದಲ್ಲಿ ಅವಕ್ಕೂ ಪಾಲಿದೆ.

ಮೇಷ್ಟ್ರು: ಸಾವುಗಳ ಲೆಕ್ಕವನ್ನೂ ಹಿಡೀಬೇಕಲ್ವಾ? 2023ರಲ್ಲಿ ಬನ್ನೇರುಘಟ್ಟದಲ್ಲಿ ಏಳು ಚಿರತೆ ಮರಿ ವೈರಸ್ ತಗುಲಿ ಸತ್ತವು. 2025ರ ನವೆಂಬರ್‌ನಲ್ಲಿ ಬೆಳಗಾವಿಯ ಕಿರು ಮೃಗಾಲಯದಲ್ಲಿ 31 ಕೃಷ್ಣಮೃಗ.

ದೊಡ್ಡಮ್ಮ: ಹಿಡೀಬೇಕು, ಆದರೆ ಹುಷಾರಾಗಿ. ಮರಿಗಳಿಗೆ ಬಂದದ್ದು ಫೆಲೈನ್ ಪ್ಯಾನ್‌ಲ್ಯುಕೋಪೇನಿಯಾ. ಬೆಕ್ಕಿನ ಜಾತಿಗೆಲ್ಲ ಬರೋ ರೋಗ, ಲಸಿಕೆ ಹಾಕಿದ್ದರೂ ಬಂತು. ಬೆಳಗಾವಿಯಲ್ಲಿ ಗಳಲೆ ರೋಗ, ನಮ್ಮ ದನ ಎಮ್ಮೆಗಳಿಗೆ ಬರೋ ಅದೇ ಗಂಟಲುಬೇನೆ. ಒಂದು ದಿನದಲ್ಲಿ ಕೊಲ್ಲುತ್ತೆ. ಒತ್ತಾಗಿ ಹಿಂಡು ಇಟ್ಟ ಕಡೆ ಹೊಕ್ಕರೆ ನಿಲ್ಲಿಸೋದು ಬಲು ಕಷ್ಟ. ಸತ್ತವೆಷ್ಟು ಅನ್ನೋದರ ಜೊತೆಗೆ ಕೇಳಬೇಕಾದ್ದು ಇಷ್ಟು. ಹೊಸದಾಗಿ ಬಂದ ಪ್ರಾಣಿಯನ್ನ ಬೇರೆ ಇಟ್ಟು ನೋಡ್ತಾರಾ? ಹಿಂಡನ್ನ ಒಂದೇ ಕಡೆ ಗುಂಪು ಹಾಕದೆ ಹಂಚಿಡ್ತಾರಾ? ಮೊದಲ ಪ್ರಾಣಿ ಸತ್ತ ದಿನವೇ ಮರಣೋತ್ತರ ಪರೀಕ್ಷೆ ಆಗಿ ಹೆಬ್ಬಾಳದಂಥ ಲ್ಯಾಬಿಗೆ ಮಾದರಿ ಹೋಗುತ್ತಾ? ಕಾಯಿಲೆಯನ್ನ ಬೇಗ ಒಪ್ಪಿಕೊಂಡು ಹೇಳೋ ಮೃಗಾಲಯಕ್ಕೆ ನಾನು ಹೆಚ್ಚು ಅಂಕ ಕೊಡ್ತೀನಿ, ಮುಚ್ಚಿಡೋ ಕಡೆಗೆ ಕೊಡಲ್ಲ.

ಮೇಷ್ಟ್ರು: ಇಷ್ಟೆಲ್ಲ ಕೇಳಿದ ಮೇಲೆ ಮೃಗಾಲಯವೇ ಬೇಡ, ಜಕ್ಕೂರು ಕೆರೆ ಏರಿ ಮೇಲೆ ಕರ್ಕೊಂಡು ಹೋಗೋಣ ಅನ್ಸುತ್ತೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಎಲ್ಲ ಅಲ್ಲೇ ಬರ್ತವೆ.

ದೊಡ್ಡಮ್ಮ: ಅಲ್ಲಿಗೂ ಕರ್ಕೊಂಡು ಹೋಗು, ಅದಕ್ಕೆ ಬಸ್ಸೂ ಬೇಡ ಟಿಕೆಟ್ಟೂ ಬೇಡ. ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನ ಪಕ್ಷಿಗಳಿಗಾಗಿಯೇ ಕಾಯ್ದಿಟ್ಟಿದಾರೆ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಮರಗಳಲ್ಲಿ ರಾತ್ರಿ ಕಾಡುಪಾಪ ಓಡಾಡುತ್ತೆ ಅಂತ ನಿನ್ನ ಮಕ್ಕಳಲ್ಲಿ ಎಷ್ಟು ಜನಕ್ಕೆ ಗೊತ್ತು? ಮೊದಲು ಕೆರೆ ತೋರಿಸಿದರೆ ಒಂದು ಅಳತೆ ಅವರ ಕೈಗೆ ಸಿಗುತ್ತೆ. ಹೆಜ್ಜಾರ್ಲೆಗಳು ಸಾಲಾಗಿ ಈಜುತ್ತಾ ಮೀನನ್ನ ಅಂಚಿಗೆ ಅಟ್ಟಿ, ಒಟ್ಟಿಗೇ ಕೊಕ್ಕು ಮುಳುಗಿಸೋದನ್ನ ಕಂಡ ಮಗು ಮೃಗಾಲಯದ ಹೆಜ್ಜಾರ್ಲೆ ಮುಂದೆ ನಿಂತಾಗ ತಾನೇ ಕೇಳುತ್ತೆ, ಇದಕ್ಕೆ ಮೀನು ಹಿಡಿಯೋ ಅವಕಾಶ ಇದೆಯಾ, ಹಾರೋಕೆ ಎತ್ತರ ಇದೆಯಾ ಅಂತ. ಆ ಪ್ರಶ್ನೆ ಕೇಳೋಕೆ ಮೃಗಾಲಯಕ್ಕೂ ಹೋಗಬೇಕು.

ಮೇಷ್ಟ್ರು: ಹಾಗಾದರೆ ಹೀಗೆ ಮಾಡ್ತೀನಿ. ಒಂದು ಶನಿವಾರ ಜಕ್ಕೂರು ಕೆರೆ. ಮುಂದಿನ ವಾರ ಬನ್ನೇರುಘಟ್ಟ. ಮೈಸೂರಿಗೆ ಹೋದರೆ ಹೋಗಿಬರೋದರಲ್ಲೇ ಅರ್ಧ ದಿನ ಕಳೆದುಹೋಗುತ್ತೆ, ನಿಂತು ನೋಡೋಕೆ ಹೊತ್ತು ಸಾಲಲ್ಲ. ಮಂಗಳವಾರ ಬನ್ನೇರುಘಟ್ಟ ರಜೆ, ಅದನ್ನ ಬಿಟ್ಟು ಬೇರೆ ದಿನ ಬೆಳಿಗ್ಗೆ ತೆರೆಯೋ ಹೊತ್ತಿಗೇ ಹೋಗ್ತೀವಿ. ಎಲ್ಲಾ ಆವರಣ ಸುತ್ತಿಸಲ್ಲ. ಆನೆ, ಕರಡಿ, ಜಿಂಕೆ, ಒಂದು ಪಕ್ಷಿ. ಇಬ್ಬಿಬ್ಬರು ಮಕ್ಕಳಿಗೆ ಒಂದು ಪ್ರಾಣಿ, ಅರ್ಧ ಗಂಟೆ. ಎರಡು ನಿಮಿಷಕ್ಕೊಮ್ಮೆ ಅದು ಏನು ಮಾಡ್ತಿದೆ ಅಂತ ಬರೀಬೇಕು. ತಿಂತಿದೆಯಾ, ಮಲಗಿದೆಯಾ, ಇನ್ನೊಂದರ ಜೊತೆ ಇದೆಯಾ, ಒಂದೇ ಜಾಡಲ್ಲಿ ತಿರುಗ್ತಿದೆಯಾ, ನಮ್ಮಿಂದ ಮರೆಯಾಗಿದೆಯಾ.

ದೊಡ್ಡಮ್ಮ: ಮೃಗಾಲಯಗಳಲ್ಲಿ ದುಡಿಯೋ ಸಂಶೋಧಕರು ಮಾಡೋದೂ ಇದನ್ನೇ. ಆಮೇಲೆ ಆ ಹಾಳೆಗಳನ್ನ ಶಾಲೆಯ ಬೀರುವಿನಲ್ಲಿಟ್ಟು ಬೀಗ ಹಾಕಬೇಡ.

ಮೇಷ್ಟ್ರು: ಮತ್ತೇನು ಮಾಡಲಿ?

ದೊಡ್ಡಮ್ಮ: ಮಕ್ಕಳ ಕೈಲೇ ಒಂದು ಪತ್ರ ಬರೆಸಿ ಉದ್ಯಾನದ ಕಾರ್ಯನಿರ್ವಾಹಕ ನಿರ್ದೇಶಕರಿಗೆ ಕಳಿಸು. ಇಂಥ ಆವರಣದಲ್ಲಿ ಮಧ್ಯಾಹ್ನ ನೆರಳಿಲ್ಲ, ಇಂಥ ಫಲಕದಲ್ಲಿ ಪ್ರಾಣಿಯ ಹೆಸರು ಬಿಟ್ಟು ಬೇರೇನೂ ಇಲ್ಲ ಅಂತ ಕಂಡದ್ದನ್ನ ಬರೀಲಿ. ಕರಡಿಗೆ ದಿಮ್ಮಿ ಕೊರೆದಿಟ್ಟ ಕೀಪರ್ ಕೆಲಸ ನಮಗೆ ಬಹಳ ಇಷ್ಟ ಆಯ್ತು ಅಂತಲೂ ಬರೀಲಿ. ಟಿಕೆಟ್ ಕೊಂಡು ಬರೋರು ಯಾವ ಹೊಸ ಪ್ರಾಣಿ ತಂದಿರಿ ಅಂತಲೇ ಕೇಳ್ತಿದ್ದರೆ, ಇರೋ ದುಡ್ಡೆಲ್ಲ ಅದಕ್ಕೇ ಹೋಗುತ್ತೆ. ನೆಲ, ನೆರಳು, ಜೊತೆ, ಕೆಲಸ ಇವನ್ನ ಕೇಳೋ ಜನ ಇದಾರೆ ಅಂತ ಗೊತ್ತಾದರೆ, ಬಜೆಟ್ ಮಾಡೋ ದಿನ ಅಲ್ಲಿರೋ ಒಳ್ಳೇ ಅಧಿಕಾರಿಯ ಮಾತಿಗೂ ಬಲ ಬರುತ್ತೆ.

ಮೇಷ್ಟ್ರು: ಮೊದಲ ಪತ್ರದ ಜೊತೆ ನಾನೂ ಒಂದು ಬರೀತೀನಿ. ಮಕ್ಕಳಿಗೆ ಹೋಲ್ಡಿಂಗ್ ರೂಮ್ ಹೇಗಿರುತ್ತೆ ಅಂತ ವಿವರಿಸೋಕೆ ಒಬ್ಬ ಕೀಪರ್ ಜೊತೆ ಹದಿನೈದು ನಿಮಿಷ ಮಾತಾಡಿಸಿ ಅಂತ ಹೋಗೋ ಮುಂಚೆಯೇ ಕೇಳ್ತೀನಿ.

ದೊಡ್ಡಮ್ಮ: ಕೇಳು. ಒಪ್ಪಿದರೆ ಆ ದಿನ ನಾನೂ ಬರ್ತೀನಿ, ಆನೆ ಕಾಲು ಹೇಗೆ ನೋಡಬೇಕು ಅಂತ ಮಕ್ಕಳಿಗೆ ನಾನೇ ಹೇಳಿಕೊಡ್ತೀನಿ.